ಎದುರಿನವರ ಮಾತು ಕೇಳುವ ನಟ

‘ಇನ್ ದ ನೇಮ್ ಆಫ್ ದ ಫಾದರ್’ (1993) ಚಿತ್ರದಲ್ಲಿ ಡೇನಿಯಲ್ ಡೇ ಲೂಯಿಸ್ ಮಗ, ನಾನಿಲ್ಲಿ ಬರೆಯಹೊರಟಿರುವ ಬ್ರಿಟಿಷ್ ನಟ ಪೀಟ್ ಪಾಸಲ್‌ತ್ವೇಟ್ ಅಪ್ಪ. ನಿಜಜೀವನದಲ್ಲಿ ಇಬ್ಬರಿಗೂ ಇದ್ದದ್ದು ಹನ್ನೊಂದೇ ವರ್ಷದ ಅಂತರ. ಅಪ್ಪ ಹುಟ್ಟಿದ್ದು 1946ರಲ್ಲಿ, ಮಗ 1957ರಲ್ಲಿ! ಈ ಲೆಕ್ಕ ಗೊತ್ತಾದ ಮೇಲೆ ಚಿತ್ರವನ್ನು ಮತ್ತೊಮ್ಮೆ ಹಾಕಿಕೊಂಡು ಕುಳಿತೆ. ಎಲ್ಲಾದರೂ ಒಂದು ಕಡೆ ನಟನೆ ಸಿಕ್ಕಿಬೀಳುತ್ತದೆಯೇ ಎಂದು ಹುಡುಕುತ್ತಲೇ ನೋಡಿದೆ. ಸಿಗಲಿಲ್ಲ.

ಕಥೆ ನಡೆದದ್ದೇ. ಇಂಗ್ಲೆಂಡಿನಲ್ಲಿ ನಡೆದ 1974ರ ಗಿಲ್ಡ್‌ಫರ್ಡ್ ಪಬ್ ಸ್ಫೋಟದ ಪ್ರಕರಣದಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಜೆರ್ರಿ ಕಾನ್ಲನ್ ಮಾಡದ ತಪ್ಪಿಗೆ ಜೈಲು ಸೇರಿದ. ಮಗನಿಗೆ ಸಹಾಯ ಮಾಡಲೆಂದು ಲಂಡನ್ನಿಗೆ ಬಂದ ಅಪ್ಪ ಜುಸೆಪ್ಪೆಯನ್ನೂ ಒಳಗೆ ಹಾಕಿದರು. ಅಪ್ಪ 1980ರಲ್ಲಿ ಕೈದಿಯಾಗಿಯೇ ತೀರಿಕೊಂಡರು. ಮಗ ಹೊರಬಂದದ್ದು 1989ರಲ್ಲಿ. ಅಪ್ಪ ಮಗ ಒಂದೇ ಕೋಣೆಯಲ್ಲಿ ಇದ್ದಂತೆ ತೋರಿಸಿದ್ದು ನಿರ್ದೇಶಕ ಜಿಮ್ ಶೆರಿಡನ್ ಇತಿಹಾಸದೊಂದಿಗೆ ತೆಗೆದುಕೊಂಡ ಸಲಿಗೆ. ಅದನ್ನು ಆಕ್ಷೇಪಿಸಿದವರು ಹೇಳಿದ್ದು ಸರಿಯೇ ಇದೆ. ಆದರೂ ಒಂದು ದೃಶ್ಯಕ್ಕಾಗಿ ನಾನು ಆ ನಿರ್ದೇಶಕರನ್ನು ಕ್ಷಮಿಸಿದ್ದೇನೆ. ತಪ್ಪು ಮಾಡಿದಾಗಲೆಲ್ಲ ಬೆನ್ನ ಹಿಂದೆಯೇ ಬರುತ್ತೀಯಲ್ಲ, ಸರಿಯಾದದ್ದನ್ನು ಮಾಡಿದಾಗ ಯಾಕೆ ಬರಲಿಲ್ಲ ಎಂದು ಮಗ ಅಪ್ಪನ ಮೇಲೆ ಸಿಡಿಯುತ್ತಾನೆ. ಬಾಲ್ಯದಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಡೇ ಲೂಯಿಸ್ ಒಮ್ಮೆಗೇ ಕಾರಿಕೊಳ್ಳುತ್ತಾರೆ. ನೋಡುವವರ ಕಣ್ಣು ಸಹಜವಾಗಿಯೇ ಅವರ ಮೇಲಿರುತ್ತದೆ. ಒಮ್ಮೆ ಅವರನ್ನು ಬಿಟ್ಟು ಅಪ್ಪನನ್ನು ನೋಡಿ. ಪಾಸಲ್‌ತ್ವೇಟ್ ಏನೂ ಮಾಡುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ. ಮಗನ ಮಾತು ತಾಗಿದ್ದು, ಅದರಲ್ಲಿ ಇಷ್ಟು ನಿಜ, ಇಷ್ಟು ಅನ್ಯಾಯ ಎಂದು ಅಪ್ಪ ಮನಸ್ಸಿನಲ್ಲೇ ಬೇರ್ಪಡಿಸುತ್ತಿರುವುದು, ಎಲ್ಲವೂ ಆ ಮುಖದಲ್ಲಿ ಕಾಣುತ್ತದೆ. ಆ ಕಿವಿ ಇಲ್ಲದಿದ್ದರೆ ಮಗನ ಕೂಗು ಬರೀ ಕೂಗಾಗಿ ಉಳಿಯುತ್ತಿತ್ತು.

ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು. ಪ್ರಶಸ್ತಿ ‘ದ ಫ್ಯುಜಿಟಿವ್’ ಚಿತ್ರದ ಟಾಮಿ ಲೀ ಜೋನ್ಸ್ ಪಾಲಾಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ನಿರ್ದೇಶಕ ಸ್ಪೀಲ್‌ಬರ್ಗ್ ಹೇಳಿದ ಒಂದು ಮಾತಿನ ಮೇಲೆ. 1997ರಲ್ಲಿ ‘ದ ಲಾಸ್ಟ್ ವರ್ಲ್ಡ್’ ಮತ್ತು ‘ಅಮಿಸ್ಟಾಡ್’ ಎರಡರಲ್ಲೂ ಪಾಸಲ್‌ತ್ವೇಟ್ ಅವರಿಂದ ಕೆಲಸ ತೆಗೆದ ಸ್ಪೀಲ್‌ಬರ್ಗ್, ಜಗತ್ತಿನ ಅತ್ಯುತ್ತಮ ನಟನೆಂದರೆ ಈತನೇ ಎಂದುಬಿಟ್ಟರು. ಅಲ್ಲಿಂದಾಚೆಗೆ ಪಾಸಲ್‌ತ್ವೇಟ್ ಬಗ್ಗೆ ಬರೆಯುವವರೆಲ್ಲ ಆ ವಾಕ್ಯವನ್ನು ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ನಟನೆಯನ್ನು ಓಟದ ಪಂದ್ಯದಂತೆ ಮೊದಲನೆಯ, ಎರಡನೆಯ ಎಂದು ಎಣಿಸಿದರೆ ಈ ಮನುಷ್ಯ ಮಾಡಿದ ಕೆಲಸವೇ ಕಣ್ಣಿಗೆ ಬೀಳುವುದಿಲ್ಲ. ಸ್ವತಃ ಅವರಿಗೂ ಅದು ಹಿಡಿಸಿರಲಿಲ್ಲವೆಂದು ಕಾಣುತ್ತದೆ. ತಾನೇ ಜಗತ್ತಿನ ಅತ್ಯುತ್ತಮ ನಟನೆಂದು ಪೀಟ್ ಭಾವಿಸಿಕೊಂಡಿದ್ದಾನೆ, ಅದೇ ಅವನ ಸಮಸ್ಯೆ ಎಂದು ಸ್ಪೀಲ್‌ಬರ್ಗ್ ಹೇಳಿರಬೇಕು ಎಂದು ನಕ್ಕು ತಳ್ಳಿಹಾಕಿದರು.

ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವಿನ ವಾರಿಂಗ್ಟನ್ ಇವರ ಊರು. ಕ್ಯಾಥೊಲಿಕ್ ಕಾರ್ಮಿಕ ಕುಟುಂಬದ ನಾಲ್ಕು ಮಕ್ಕಳಲ್ಲಿ ಕೊನೆಯವರು. ಪಾದ್ರಿಯಾಗಬೇಕೆಂದುಕೊಂಡಿದ್ದರು, ಆದದ್ದು ನಾಟಕ ಮತ್ತು ವ್ಯಾಯಾಮದ ಮೇಷ್ಟರು. ಆ ಕೆಲಸ ಬಿಟ್ಟು ಬ್ರಿಸ್ಟಲ್‌ನ ಓಲ್ಡ್ ವಿಕ್ ನಾಟಕ ಶಾಲೆ ಸೇರಿದರು. 1970ರ ದಶಕದಲ್ಲಿ ಲಿವರ್‌ಪೂಲ್‌ನ ಎವ್ರಿಮನ್ ರಂಗಮಂದಿರದಲ್ಲಿ ಇವರ ಜೊತೆಗಿದ್ದವರು ಜೂಲಿ ವಾಲ್ಟರ್ಸ್, ಬಿಲ್ ನೈ, ಜೊನಾಥನ್ ಪ್ರೈಸ್, ಆಂಟನಿ ಶೇರ್. ಒಂದೇ ತಂಡದಲ್ಲಿ ಇಷ್ಟು ಜನ! ಇಲ್ಲಿ ನಾಯಕನೆಂದು ಒಬ್ಬನನ್ನು ಎತ್ತಿ ಕೂರಿಸುವ ಪದ್ಧತಿ ಇರಲಿಲ್ಲ. ಎದುರಿನವನ ಮಾತಿಗೆ ಕಿವಿಗೊಡುವ ಅಭ್ಯಾಸ ಇವರಿಗೆ ಇಲ್ಲೇ ಬಂದಿರಬೇಕೆಂಬುದು ನನ್ನ ಊಹೆ. ನಾಲಿಗೆ ತೊಡರುವ ಈ ಹೆಸರನ್ನು ಬದಲಿಸಿಕೋ ಎಂದು ಬುದ್ಧಿ ಹೇಳಿದವರೂ ಇದ್ದರು. ಬದಲಿಸಲಿಲ್ಲ.

ಇನ್ನು ಆ ಮುಖ. ಉಬ್ಬಿದ ಕೆನ್ನೆಮೂಳೆ, ಒಳಗಿಳಿದ ಕಣ್ಣು, ಜಜ್ಜಿದಂಥ ಮೂಗು. ಹಾಲಿವುಡ್ಡಿಗೆ ಇದು ಖಳನ ಮುಖವಾಗಿ ಕಂಡಿತು. ನಿರ್ದೇಶಕ ಟೆರೆನ್ಸ್ ಡೇವಿಸ್ ಇದರಲ್ಲಿ ಬೇರೆಯದನ್ನು ಕಂಡರು. ‘ಡಿಸ್ಟೆಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ (1988) ಡೇವಿಸ್ ತಮ್ಮ ಮನೆಯ ನೆನಪುಗಳಿಂದಲೇ ಮಾಡಿದ ಚಿತ್ರ. ಅದರಲ್ಲಿ ಪಾಸಲ್‌ತ್ವೇಟ್ ಹೆಂಡತಿ ಮಕ್ಕಳನ್ನು ಬಡಿಯುವ ಅಪ್ಪ. ಕ್ರಿಸ್‌ಮಸ್ ಹಿಂದಿನ ರಾತ್ರಿ ಮಲಗಿದ ಮಕ್ಕಳನ್ನು ನೋಡಿ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಮೆತ್ತಗೆ ಹರಸುವ ಅಪ್ಪ, ಹಬ್ಬದ ಊಟಕ್ಕೆ ಕುಳಿತಾಗ ಮೇಜಿನ ಬಟ್ಟೆಯನ್ನೇ ಎಳೆದು ತಿಂಡಿ ತಟ್ಟೆಗಳನ್ನೆಲ್ಲ ನೆಲಕ್ಕೆ ಬೀಳಿಸುತ್ತಾನೆ. ಬಳಿದು ಹಾಕು ಎಂದು ಅಬ್ಬರಿಸುತ್ತಾನೆ. ಯಾಕೆಂದು ಚಿತ್ರ ವಿವರಿಸುವುದಿಲ್ಲ, ನಟನೂ ವಿವರಿಸುವುದಿಲ್ಲ. ಇನ್ನೊಂದು ಕಡೆ ಅವನು ಕುದುರೆಯ ಮೈ ಉಜ್ಜುತ್ತಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿರುತ್ತಾನೆ, ಮಕ್ಕಳು ಮೇಲಿಂದ ಕದ್ದು ನೋಡುತ್ತಿರುತ್ತಾರೆ. ಕುದುರೆಗೆ ಸಿಕ್ಕ ಮೃದುತ್ವ ಮಕ್ಕಳಿಗೆ ಸಿಕ್ಕಿಲ್ಲ. ಇಂಥ ಅಪ್ಪನನ್ನು ಕಂಡವರಿಗೆ, ಅಥವಾ ಅಂಥವರ ಮನೆಯಲ್ಲಿ ಬೆಳೆದವರಿಗೆ, ಈ ಚಿತ್ರ ನೋಡುವುದು ಸುಲಭವಲ್ಲ.

‘ದ ಯೂಷುವಲ್ ಸಸ್ಪೆಕ್ಟ್ಸ್’ (1995) ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಅದರಲ್ಲಿ ಇವರ ಪಾತ್ರದ ಹೆಸರು ಕೊಬಯಾಶಿ, ಜಪಾನಿ ಹೆಸರು. ಮಾತಿನ ಧಾಟಿ ನಮ್ಮ ಉಪಖಂಡದ್ದು ಎನ್ನುವಂತಿದೆ. ಮೊದಲ ಸಲ ನೋಡಿದಾಗ ಇದೇನು ಕಲಸುಮೇಲೋಗರ ಎಂದು ಕಿರಿಕಿರಿಯಾಗಿತ್ತು. ಕೊನೆಯಲ್ಲಿ ಆ ಹೆಸರು ಕಾಫಿ ಲೋಟದ ತಳದಿಂದ ಬಂದದ್ದೆಂದು ತಿಳಿಯುತ್ತದೆ. ಹೇಳುವವನು ಕೈಗೆ ಸಿಕ್ಕ ಚೂರುಗಳಿಂದ ಕಟ್ಟಿದ ಮನುಷ್ಯ ಎಲ್ಲಿಯವನಾಗಲು ಸಾಧ್ಯ? ಎಲ್ಲಿಯವನೂ ಅಲ್ಲದ ಆ ಉಚ್ಚಾರಣೆಯೇ ಅವನಿಗೆ ತಕ್ಕದ್ದು.

‘ದ ಲಾಸ್ಟ್ ವರ್ಲ್ಡ್’ ನಮ್ಮಲ್ಲಿ ಹಲವರು ಡೈನೋಸಾರ್‌ಗಳಿಗಾಗಿ ನೋಡಿದ ಚಿತ್ರ. ಅದರ ಬೇಟೆಗಾರ ರೋಲಂಡ್ ಇವರೇ. ಬಯಸಿದ ಬೇಟೆ ಕೈಗೆ ಬಂದಿದೆ, ಕಂಪನಿಯವನು ಕೆಲಸ ಕೊಡುತ್ತೇನೆ ಎನ್ನುತ್ತಿದ್ದಾನೆ. ಆದರೆ ಗೆಳೆಯ ಅಜಯ್ ಸಿದ್ಧು ಬದುಕಿ ಬಂದಿಲ್ಲ. ಸಾವಿನ ಸಹವಾಸ ಸಾಕು ಎಂಬರ್ಥದ ಒಂದು ಮಾತು ಹೇಳಿ ರೋಲಂಡ್ ಹೊರಟುಬಿಡುತ್ತಾನೆ. ಇಡೀ ಚಿತ್ರದಲ್ಲಿ ಸತ್ತ ಮನುಷ್ಯನೊಬ್ಬನಿಗೆ ಸಿಕ್ಕ ನಿಜವಾದ ದುಃಖ ಅದೊಂದೇ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ‘ಬ್ರಾಸ್ಡ್ ಆಫ್’ (1996) ಯಾರ್ಕ್‌ಷೈರ್‌ನ ಕಲ್ಲಿದ್ದಲು ಗಣಿ ಮುಚ್ಚುವ ಹೊತ್ತಿನ ಕಥೆ. ಗ್ರೈಮ್‌ಥಾರ್ಪ್ ಗಣಿಯ ಕಾರ್ಮಿಕರ ವಾದ್ಯವೃಂದ 1992ರಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆದ್ದದ್ದು ಇದಕ್ಕೆ ಪ್ರೇರಣೆ. ಪಾಸಲ್‌ತ್ವೇಟ್ ಇಲ್ಲಿ ವೃಂದದ ನಾಯಕ ಡ್ಯಾನಿ. ಸಂಗೀತವೊಂದೇ ಅವನ ಲೋಕ, ಗಣಿ ಮುಚ್ಚಿದರೂ ವಾದ್ಯ ನಿಲ್ಲಬಾರದೆಂಬ ಹಟ. ಅವನು ಆಸ್ಪತ್ರೆ ಸೇರಿದಾಗ ಸಂಗಡಿಗರು ರಾತ್ರಿ ಕಿಟಕಿಯ ಕೆಳಗೆ ಗಣಿ ಟೋಪಿಯ ದೀಪದ ಬೆಳಕಿನಲ್ಲಿ ನುಡಿಸುತ್ತಾರೆ. ಇಲ್ಲಿಯೂ ಇವರ ಕೆಲಸ ಹಾಸಿಗೆಯಲ್ಲಿದ್ದು ಕೇಳುವುದು. ಕೊನೆಗೆ ಆಲ್ಬರ್ಟ್ ಹಾಲ್‌ನ ವೇದಿಕೆಯಲ್ಲಿ ಡ್ಯಾನಿ ಗೆದ್ದ ಪಾರಿತೋಷಕವನ್ನು ಬೇಡವೆನ್ನುತ್ತಾನೆ. ಸಂಗೀತವೇ ಮುಖ್ಯ ಎಂದುಕೊಂಡಿದ್ದೆ, ಮನುಷ್ಯರ ಮುಂದೆ ಅದು ಏನೇನೂ ಅಲ್ಲ ಎನ್ನುತ್ತಾನೆ. ಬೇರೆಯವರ ಬಾಯಲ್ಲಿ ಇದು ಚುನಾವಣಾ ಭಾಷಣವಾಗುತ್ತಿತ್ತು. ಇವರು ಅದನ್ನು ಉಸಿರು ಸಾಲದ ಮುದುಕನೊಬ್ಬ ಕಷ್ಟಪಟ್ಟು ಮುಗಿಸಬೇಕಾದ ಕೆಲಸವೆಂಬಂತೆ ಹೇಳುತ್ತಾರೆ.

ಇದೇ ಮನುಷ್ಯ 2009ರಲ್ಲಿ ಹವಾಮಾನ ಬದಲಾವಣೆಯ ಬಗೆಗಿನ ‘ದ ಏಜ್ ಆಫ್ ಸ್ಟುಪಿಡ್’ ಚಿತ್ರದ ಬಿಡುಗಡೆಯ ಸಮಾರಂಭದಲ್ಲಿ ಬ್ರಿಟನ್ನಿನ ಇಂಧನ ಸಚಿವ ಎಡ್ ಮಿಲಿಬ್ಯಾಂಡ್ ಎದುರಿಗೆ ನಿಂತು, ಕಿಂಗ್ಸ್‌ನಾರ್ತ್ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಒಪ್ಪಿಗೆ ಕೊಟ್ಟರೆ 2004ರಲ್ಲಿ ತಮಗೆ ಸಂದ ಒ.ಬಿ.ಇ. ಎಂಬ ಬ್ರಿಟಿಷ್ ಗೌರವವನ್ನು ಹಿಂದಿರುಗಿಸುತ್ತೇನೆ ಎಂದರು. ಗಣಿ ಕಾರ್ಮಿಕರ ದನಿಯಾಗಿದ್ದವರು ಕಲ್ಲಿದ್ದಲಿನ ವಿರುದ್ಧ ನಿಂತರೇ ಎಂದು ಮೂಗು ಮುರಿಯುವವರು ‘ಬ್ರಾಸ್ಡ್ ಆಫ್’ ಅನ್ನು ಸರಿಯಾಗಿ ನೋಡಿಲ್ಲ. ಡ್ಯಾನಿಯನ್ನು ಹಾಸಿಗೆ ಹಿಡಿಸಿದ್ದು ಸರ್ಕಾರವಲ್ಲ, ಶ್ವಾಸಕೋಶದಲ್ಲಿ ತುಂಬಿದ ಕಲ್ಲಿದ್ದಲಿನ ಧೂಳು. ಗಣಿಯನ್ನು ಕಳೆದುಕೊಂಡವರ ಪರ ನಿಲ್ಲುವುದಕ್ಕೆ ಕಲ್ಲಿದ್ದಲನ್ನು ಪೂಜಿಸಬೇಕಾಗಿಲ್ಲ.

ಹೆಸರು ಬಂದ ಮೇಲೆ, 2008ರಲ್ಲಿ, ಕಿಂಗ್ ಲಿಯರ್ ಪಾತ್ರ ಮಾಡಲು ಅವರು ಹೋದದ್ದು ಅದೇ ಹಳೆಯ ಎವ್ರಿಮನ್‌ಗೆ. ವಿಮರ್ಶಕರು ಒಂದೇ ದನಿಯಲ್ಲಿ ಹೊಗಳಲಿಲ್ಲ. 2010ರಲ್ಲಿ ‘ಇನ್ಸೆಪ್ಷನ್’ ಚಿತ್ರದ ಸಾಯುತ್ತಿರುವ ಉದ್ಯಮಿ, ‘ದ ಟೌನ್’ ಚಿತ್ರದಲ್ಲಿ ಹೂವಿನಂಗಡಿ ಇಟ್ಟುಕೊಂಡ ಪಾತಕಿ. ಗುಲಾಬಿಯ ದೇಟು ಕತ್ತರಿಸುತ್ತಲೇ ಬೆನ್ ಅಫ್ಲೆಕ್‌ನನ್ನು ಬೆದರಿಸುವ ಆ ದೃಶ್ಯಕ್ಕೆ ಯೂಟ್ಯೂಬಿನಲ್ಲಿ ಅಭಿಮಾನಿಗಳಿದ್ದಾರೆ. 2011ರ ಜನವರಿ 2ರಂದು, 64ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು.

ಹೊಸದಾಗಿ ನೋಡುವವರು ‘ಬ್ರಾಸ್ಡ್ ಆಫ್’ನಿಂದ ಶುರು ಮಾಡಿ, ಅದರಲ್ಲಿ ನಗುವೂ ಇದೆ. ಗಟ್ಟಿ ಮನಸ್ಸಿದ್ದರೆ ಆಮೇಲೆ ಡೇವಿಸ್ ಅವರ ಚಿತ್ರ. ‘ಕ್ಲಾಷ್ ಆಫ್ ದ ಟೈಟನ್ಸ್’ನಲ್ಲಿಯೂ ಇದ್ದಾರೆಂದು ಯಾರಾದರೂ ಕಾಮೆಂಟಿನಲ್ಲಿ ನೆನಪಿಸುವ ಮೊದಲೇ ಹೇಳಿಬಿಡುತ್ತೇನೆ: ಗೊತ್ತು, ಅದನ್ನು ಬಿಟ್ಟರೂ ನಷ್ಟವಿಲ್ಲ.