ಮಾರಿದವನ ಬಾಕಿಯನ್ನು ಕೊಂಡವರಿಂದ ವಸೂಲು ಮಾಡಬಾರದು

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಲೆಕ್ಕ ಬರೆಯುವುದು ನನ್ನ ವೃತ್ತಿ. ಲೆಕ್ಕಪರಿಶೋಧನೆ ಎಂದರೆ ಕಿರುಕುಳ ಎಂದು ನಮ್ಮ ವರ್ತಕರಲ್ಲಿ ಅನೇಕರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಜಿಎಸ್‌ಟಿ ಕಾಯ್ದೆಯ 65ನೆಯ ಕಲಮಿನಂತೆ ಅಧಿಕಾರಿಗಳು ಕನಿಷ್ಠ 15 ಕೆಲಸದ ದಿನ ಮೊದಲು ನೋಟಿಸ್ ಕೊಡಬೇಕು, ಪರಿಶೋಧನೆ ಮುಗಿದ 30 ದಿನಗಳೊಳಗೆ ತಾವು ಕಂಡದ್ದನ್ನು ಕಾರಣಸಹಿತ ತಿಳಿಸಬೇಕು. ಪುಸ್ತಕ ಸರಿಯಾಗಿಟ್ಟವರು ಇದಕ್ಕೆ ಅಂಜಬೇಕಿಲ್ಲ. ನನ್ನ ತಕರಾರು ಇರುವುದು ಅದೇ ಕಾಯ್ದೆಯ 16(2)(ಸಿ) ಬಗ್ಗೆ ಮಾತ್ರ.

ಘಟಕದವರು ಜಿಪ್, ಗುಂಡಿ, ದಾರ ಕೊಂಡಾಗ ಸರಕಿನ ಬೆಲೆಯೊಂದಿಗೆ ತೆರಿಗೆಯನ್ನೂ ಮಾರಾಟಗಾರನ ಕೈಗೇ ಕೊಡುತ್ತಾರೆ, ಮುಂದೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಇನ್‌ಪುಟ್ ಕ್ರೆಡಿಟ್ ಎಂದು ಕಳೆದುಕೊಳ್ಳುತ್ತಾರೆ. ಆದರೆ ಮಾರಿದವನು ಆ ಹಣವನ್ನು ಸರ್ಕಾರಕ್ಕೆ ಕಟ್ಟದಿದ್ದರೆ ಕೊಂಡವರಿಗೆ ಕ್ರೆಡಿಟ್ ಇಲ್ಲ ಎನ್ನುತ್ತದೆ ಈ ಕಲಮು.

ಕೌಲ್‌ಬಜಾರಿನಲ್ಲಿ ಹತ್ತು ಯಂತ್ರ ಇಟ್ಟುಕೊಂಡು ಘಟಕ ನಡೆಸುವ ಅಕ್ಕ ಒಬ್ಬರಿಗೆ 2018-19ರ ಲೆಕ್ಕದ ಮೇಲೆ, 2023ರ ಕೊನೆಯಲ್ಲಿ, ಇದೇ ಕಾರಣಕ್ಕೆ ನೋಟಿಸ್ ಬಂತು. ಜಿಪ್ ಮಾರಿದವನು ಅಷ್ಟರಲ್ಲಿ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ಅಂಥ ವರ್ಷಗಳಲ್ಲಿ ಕೊಂಡವರ ಲೆಕ್ಕಕ್ಕೂ ಮಾರಿದವರು ತೋರಿಸಿದ ಲೆಕ್ಕಕ್ಕೂ ವ್ಯತ್ಯಾಸ ಬಂದರೆ, ತೆರಿಗೆ ಕಟ್ಟಿದ್ದೇನೆ ಎಂಬ ಮಾರಾಟಗಾರನ ಪ್ರಮಾಣಪತ್ರ ತಂದರೆ ಸಾಕು ಎಂದು 2022ರ ಡಿಸೆಂಬರಿನ ಸುತ್ತೋಲೆ ದಾರಿ ತೋರಿಸಿತ್ತು. ಆದರೆ ಅವನೇ ಸಿಗದ ಮೇಲೆ ಪತ್ರ ಎಲ್ಲಿಂದ ತರುವುದು? ಬಿಲ್ಲು, ಲಾರಿ ರಸೀದಿ, ಬ್ಯಾಂಕಿನ ಸ್ಟೇಟ್‌ಮೆಂಟ್, ದಾಸ್ತಾನು ಪುಸ್ತಕ ಎಲ್ಲವನ್ನೂ ಮುಂದಿಟ್ಟೆವು. "ಒಂದ್ಸಲ ಕೊಟ್ಟೀನಲ್ಲಣ್ಣ, ಮತ್ತ ಯಾಕ ಕಟ್ಟಬೇಕು?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಬಡ್ಡಿ ಸಹಿತ ಕಟ್ಟಿದರು.

ಸರಕೇ ಇಲ್ಲದೆ ಬಿಲ್ಲು ಮಾತ್ರ ಮಾರುವ ದಂಧೆ ಇದೆ ಎಂಬುದನ್ನು ನಾನು ಬಲ್ಲೆ. ನಮ್ಮ ರಾಜ್ಯದ ಹಳೆಯ ವ್ಯಾಟ್ ಕಾಯ್ದೆಯಡಿಯ ಕಾಫಿ ವ್ಯಾಪಾರದ ಪ್ರಕರಣವೊಂದರಲ್ಲಿ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಬಿಲ್ಲು ಮತ್ತು ಚೆಕ್ ತೋರಿಸಿದರೆ ಸಾಲದು, ವಾಹನದ ವಿವರ, ಬಾಡಿಗೆ ಕೊಟ್ಟ ದಾಖಲೆ, ಸರಕು ತಲುಪಿದ್ದಕ್ಕೆ ಸ್ವೀಕೃತಿ ಇವನ್ನೂ ಕೊಂಡವರು ಒದಗಿಸಬೇಕು ಎಂದಿತು. ಅದು ನ್ಯಾಯವೇ. ಆದರೆ ಇಷ್ಟೆಲ್ಲ ಒದಗಿಸಿದ ಮೇಲೂ ಎರಡನೆಯ ಸಲ ತೆರಿಗೆ ಕೇಳುವುದು ಯಾವ ನ್ಯಾಯ?

2018ರ ಮೇ 4ರ ಸಭೆಯ ನಂತರ ಜಿಎಸ್‌ಟಿ ಮಂಡಳಿ, ಬಾಕಿಯನ್ನು ಮೊದಲು ಮಾರಿದವನಿಂದಲೇ ವಸೂಲು ಮಾಡಲಾಗುವುದು, ಆತ ನಾಪತ್ತೆಯಾದ, ವ್ಯಾಪಾರ ಮುಚ್ಚಿದಂಥ ಸಂದರ್ಭಗಳಲ್ಲಿ ಮಾತ್ರ ಕೊಂಡವರನ್ನು ಕೇಳಲಾಗುವುದು ಎಂದು ಪ್ರಕಟಿಸಿತ್ತು. ಸಣ್ಣ ಘಟಕಗಳು ಸಿಕ್ಕಿಬೀಳುವುದು ಈ ವಿನಾಯಿತಿಯಲ್ಲಿಯೇ. ಮಾರಿದವನಿಗೆ ನೋಂದಣಿ ಕೊಟ್ಟದ್ದು ಸರ್ಕಾರ, ಅವನ ರಿಟರ್ನ್ ಕಣ್ಣಿಗೆ ಬೀಳುವುದು ಸರ್ಕಾರಕ್ಕೆ, ಅವನ ಆಸ್ತಿ ಜಪ್ತಿ ಮಾಡುವ ಅಧಿಕಾರವೂ ಅದಕ್ಕೇ ಇರುವುದು. ಸರಕು ಬಂದದ್ದೂ ಹಣ ಕೊಟ್ಟದ್ದೂ ರುಜುವಾತಾದರೆ ಕೊಂಡವರನ್ನು ಬಿಟ್ಟುಬಿಡುವಂತೆ ಈ ಉಪಕಲಮನ್ನು ತಿದ್ದಬೇಕು.

ಆ ಅಕ್ಕ ಈಗ ಪ್ರತಿ ತಿಂಗಳು 14ನೆಯ ತಾರೀಕು 2ಬಿ ಪಟ್ಟಿ, ಅಂದರೆ ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ, ಬರುವ ತನಕ ತೆರಿಗೆಯ ಮೊತ್ತವನ್ನು ಯಾರಿಗೂ ಕೊಡುವುದಿಲ್ಲ. ನಿಯತ್ತಿನಿಂದ ತೆರಿಗೆ ಕಟ್ಟುವ ದಾರದ ಅಂಗಡಿಯವರೂ ತಮ್ಮ ಹಣಕ್ಕಾಗಿ ಅಲ್ಲಿಯವರೆಗೆ ಕಾಯುತ್ತಿದ್ದಾರೆ.