ಆಟಿಸಂ ಬರೀ ಗಂಡು ಮಕ್ಕಳಿಗಾ? ಸತ್ಯಾಂಶ ಇಷ್ಟು

ಆಟಿಸಂ ಸಣ್ಣ ಗಂಡು ಹುಡುಗರಿಗೆ ಮಾತ್ರ ಬರೋದು, ಮದ್ವೆಯಾಗಿ ಸಂಸಾರ ಮಾಡೋ ಹೆಂಗಸ್ರಿಗೆ ಇರೋಕೆ ಸಾಧ್ಯಾನೇ ಇಲ್ಲ ಅನ್ನೋ ಫಾರ್ವರ್ಡ್ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಬಂತು. ಕಳಿಸಿದ ಚಿಕ್ಕಮ್ಮನ ಮನಸ್ಸಲ್ಲಿ ಕೆಟ್ಟದ್ದೇನಿಲ್ಲ, ಆದ್ರೆ ವಿಷಯ ತಪ್ಪು.

ಆಟಿಸಂ ಅಂದ್ರೆ ಮಿದುಳು ಬೆಳೆಯೋ ರೀತೀಲೇ ಇರೋ ವ್ಯತ್ಯಾಸ, ವಯಸ್ಸಾದ್ರೆ ಮಾಯ ಆಗಲ್ಲ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಹೆಸರುವಾಸಿ ವರದಿಯ 11 ಮಕ್ಕಳಲ್ಲೇ 3 ಹೆಣ್ಮಕ್ಕಳಿದ್ರು! ಎಷ್ಟೋ ಹೆಣ್ಮಕ್ಕಳು ಬೇರೆಯವರನ್ನ ನೋಡಿ ಅವ್ರ ಹಾಗೇ ಮಾಡ್ತಾ ಆಟಿಸಂ ಲಕ್ಷಣ ಮುಚ್ಚಿಡೋದು ಕಲ್ತುಬಿಡ್ತಾರೆ, ಅದಕ್ಕೇ ತಡವಾಗಿ ಗೊತ್ತಾಗುತ್ತೆ. ನಾನೇ ದಾವಣಗೆರೆಯ ಬೆಣ್ಣೆದೋಸೆ ಹೋಟ್ಲಲ್ಲಿ ಕಾವಲಿ ಚುಂಯ್ ಅನ್ನೋದು, ತಟ್ಟೆ ಬಡಿಯೋದು, ಎಲ್ರ ಮಾತು ಸೇರಿ ತಲೆ ಸಿಡೀತಿದ್ರೂ ಅತ್ತಿಗೆ ನಕ್ಕಾಗ ನಗ್ತಿದ್ದೆ, ಆಮೇಲೆ ಮನೇಲಿ ಲೈಟ್ ಆರಿಸಿ ಎರಡು ಗಂಟೆ ಮಲಗಿರ್ತಿದ್ದೆ. ಮನೆಯವ್ರು ಅದಕ್ಕೆ ಸೊಕ್ಕು ಅಂತಿದ್ರು. ಆಟಿಸಂ ಅನ್ನೋ ನಿಜವಾದ ಹೆಸರು ಸಿಕ್ಕಿದ್ದು ನನ್ನ 36ನೇ ವಯಸ್ಸಿಗೆ.

ಇಂಥ ಮೆಸೇಜ್ ಬಂದ್ರೆ ಯಾರು ಬರೆದಿದ್ದು, ಯಾವಾಗ ಅಂತ ಮೊದ್ಲು ನೋಡಿ, ಎರಡೂ ಇರಲ್ಲ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಆಟಿಸಂ ಪುಟ ಫ್ರೀಯಾಗೇ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟೀಲೂ ಆಟಿಸಂ ಇದೆ, ಗಂಡು-ಹೆಣ್ಣು ಅಂತ ಭೇದ ಇಲ್ಲ. ನಿಮ್ಮ ಬಗ್ಗೇನೇ ಡೌಟಿದ್ರೆ ಆನ್‌ಲೈನ್ ಕ್ವಿಜ್ ನಂಬ್ಕೊಂಡು ಕೂರದೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟನ್ನೋ ನೋಡಿ, ಹೋಗೋವಾಗ ಚಿಕ್ಕಂದಿನ ವಿಷ್ಯ ಗೊತ್ತಿರೋ ಅಮ್ಮನ್ನೋ ಅಕ್ಕನ್ನೋ ಕರ್ಕೊಂಡ್ಹೋಗಿ, ಅವ್ರು ಕೇಳೋದೇ ಅದನ್ನ.