ಯಾರಿಗೆ ಲಾಸ್?

ನಮ್ಮ ಮನೆಯ ಇಂಟರ್ನೆಟ್ಟಿನ ಫೈಬರ್ ಡಬ್ಬಿಯಲ್ಲಿ ಕೆಂಪು ಲೈಟ್ ಮಿಣಮಿಣ ಅಂದಿದ್ದು ಬರೋಬ್ಬರಿ 11 ದಿನ. ಅದರ ಪಕ್ಕ ಎಲ್‌ಒಎಸ್ ಅಂತ ಮೂರಕ್ಷರ ಇದೆ, ಬೆಳಕಿನ ಸಿಗ್ನಲ್ ಬರುತ್ತಿಲ್ಲ ಅಂತ ಅರ್ಥವಂತೆ. ಮೂಡಿಗೆರೆ ಕಡೆ ನಾವು ಅದನ್ನು ಲಾಸ್ ಅಂತಲೇ ಓದುತ್ತೇವೆ. ಯಾರಿಗೆ ಅಂತ ಬಿಲ್ ನೋಡಿದರೆ ಗೊತ್ತಾಗುತ್ತದೆ.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿಂದ ನಮ್ಮೂರಿಗೆ 250 ಕಿಲೋಮೀಟರ್ ಅಂತಿಟ್ಟುಕೊಳ್ಳಿ, ಒಂದೂಕಾಲು ಮಿಲಿಸೆಕೆಂಡ್ ಸಾಕು. ಆದರೆ ಕೊನೆಯ ನೂರು ಮೀಟರ್ ಪಕ್ಕದ ತೋಟದ ಸಿಲ್ವರ್ ಮರದಿಂದ ಸಿಲ್ವರ್ ಮರಕ್ಕೆ ಜೋತುಬಿದ್ದು, ಮೆಣಸಿನ ಬಳ್ಳಿ ಜೊತೆ ನೆಂಟಸ್ತಿಕೆ ಬೆಳೆಸಿಕೊಂಡು ಬರಬೇಕು. ಏಪ್ರಿಲ್ ಮಳೆಗೆ ಒಂದು ಕೊಂಬೆ ಬಿತ್ತು. ಅಷ್ಟೇ.

ದೂರು ಕೊಡೋಕೆ ಆ್ಯಪ್ ಬೇಕು. ಆ್ಯಪ್‌ಗೆ ಇಂಟರ್ನೆಟ್ ಬೇಕು. ಅದಿಲ್ಲ ಅಂತಾನೇ ಅಲ್ವಾ ದೂರು? ಗುಡ್ಡ ಹತ್ತಿದೆ, ಅಲ್ಲಿ ಎರಡು ಕಡ್ಡಿ ಟವರ್ ಸಿಗುತ್ತದೆ, ಫೋನ್ ಮಾಡಿದೆ.

"ಸರ್, ಡಬ್ಬಿ ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಡಬ್ಬಿ ಮನೇಲಿದೆಯಮ್ಮಾ, ನಾನು ಗುಡ್ಡದ ಮೇಲಿದ್ದೀನಿ."

"ಹಾಗಾದ್ರೆ ಡಬ್ಬಿ ಹತ್ರ ಹೋಗಿ ಫೋನ್ ಮಾಡಿ ಸರ್."

ಮೂರು ದಿನ ಬಿಟ್ಟು ಮತ್ತೆ ಹತ್ತಿದಾಗ ಮೆಸೇಜ್ ಬಂದು ಬಿದ್ದಿತ್ತು: ನಿಮ್ಮ ದೂರು ಬಗೆಹರಿದಿದೆ, ದಯವಿಟ್ಟು ಸ್ಟಾರ್ ಕೊಡಿ.

ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೇಳಿತು. ಅದಕ್ಕೂ ಮುಂಚೆ 512 ಕೆಬಿಪಿಎಸ್, ಅಂದರೆ ಅದರ ಕಾಲು ಭಾಗ, ಬಂದರೂ ನಡೀತಿತ್ತು. ನಮಗೆ ಬರುತ್ತಿದ್ದ ಸೊನ್ನೆಗೆ ಏನಂತ ಕರೆಯೋದೋ, ಮುಂದಿನ ಸಲ ಅದನ್ನೂ ಸೇರಿಸಿದರೆ ಒಳ್ಳೆಯದು. ಪ್ಲಾನ್ ಹೆಸರು 100 ಎಂಬಿಪಿಎಸ್ ಅಂತಿದೆ, ಹೆಸರಿಗೇನು ಬಿಡಿ, ನಮ್ಮ ನಾಯಿಯ ಹೆಸರೂ ರಾಜ.

ಕೊನೆಗೆ ನಿನ್ನೆ ಲೈನ್ ಹುಡುಗ ಬೈಕಲ್ಲಿ ಬಂದ. ಅವನೊಬ್ಬನೇ, ಏಳೆಂಟು ಊರಿಗೆ. ಪಾಪ, ಅವನನ್ನು ಬೈದು ಪುಣ್ಯವಿಲ್ಲ. ಕೂದಲಿಗಿಂತ ಎಷ್ಟೋ ಸಣ್ಣದಾದ, 9 ಮೈಕ್ರಾನಿನ ಎಳೆಯ ತಿರುಳನ್ನು ಇನ್ನೊಂದು ತಿರುಳಿಗೆ ಒಂದಿಷ್ಟೂ ಆಚೀಚೆ ಆಗದ ಹಾಗೆ, ಕೊಡೆ ಕೆಳಗೆ ಕೂತು ಮಷಿನ್‌ನಲ್ಲಿ ಬೆಸೆದ. ನೋಡೋಕೆ ಎರಡು ಕಣ್ಣು ಸಾಲದು. ಆಮೇಲೆ ಆ ಜಾಯಿಂಟನ್ನು ಗೊಬ್ಬರದ ಚೀಲದ ದಾರದಲ್ಲಿ ಅದೇ ಸಿಲ್ವರ್ ಮರಕ್ಕೆ ಕಟ್ಟಿದ.

"ಸರ್, ಇವರ ತೋಟದಲ್ಲಿ ಕೊಂಬೆ ಕಡಿಯೋ ಮರಗಸಿ ಯಾವಾಗ?"

"ಬರೋ ಸೋಮವಾರ."

"ಸರಿ ಸರ್. ಮಂಗಳವಾರ ದೂರು ಹಾಕಿಬಿಡಿ."